ಮೈಕ್ ತೆರೆದ ಕೂಡಲೇ ಬ್ಲೂಟೂತ್ ಹೆಡ್‌ಫೋನ್ ದನಿ ಕೆಡುತ್ತದೆ, ಆನ್‌ಲೈನ್ ಸಂಗೀತ ಪಾಠಕ್ಕೆ ಏನು ಮಾಡಬೇಕು?

ಶ್ರುತಿಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವವಳು ನಾನು. ಕಲಿಯುವ ಮಕ್ಕಳಲ್ಲಿ ಹೆಚ್ಚಿನವರು ಅಮೆರಿಕದಲ್ಲಿದ್ದಾರೆ, ಕೆಲವರು ಸಿಂಗಪುರದಲ್ಲಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡರೆ ತಾಳ ಹಾಕುವಾಗ ವೈರ್ ಕೈಗೆ ಸಿಕ್ಕಿಕೊಳ್ಳುತ್ತದೆ ಅಂತ ಈಚೆಗೆ ಬ್ಲೂಟೂತ್ ಹೆಡ್‌ಫೋನ್ ತಗೊಂಡೆ. ಅಗ್ಗದ್ದಲ್ಲ.

ಫೋನಿಗೆ ಜೋಡಿಸಿ ಕಛೇರಿ ರೆಕಾರ್ಡಿಂಗ್ ಕೇಳಿದರೆ ಬಹಳ ಚೆನ್ನಾಗಿದೆ. ತಂಬೂರಿಯ ಝೇಂಕಾರ, ಮೃದಂಗದ ಬಲಗೈ ಏಟು, ಎಲ್ಲ ಬಿಡಿ ಬಿಡಿಯಾಗಿ ಕೇಳಿಸುತ್ತದೆ. ಅದೇ ಹೆಡ್‌ಫೋನ್ ನನ್ನ ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಜೋಡಿಸಿ ಝೂಮ್ ತೆರೆದ ಕೂಡಲೇ ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಆಗುತ್ತದೆ. ಮಗು ಹಾಡುವ ಗಮಕ ಸರಿಯಿದೆಯಾ ಇಲ್ಲವಾ ಅಂತಲೇ ಗೊತ್ತಾಗುವುದಿಲ್ಲ. ಝೂಮ್ ಮುಚ್ಚಿದರೆ ಮತ್ತೆ ಸರಿ. ಅಂಗಡಿಯಲ್ಲಿ ಕೇಳಿದರೆ "ಡ್ರೈವರ್ ಅಪ್‌ಡೇಟ್ ಮಾಡಿ" ಅಂದರು, ಮಾಡಿದೆ, ಏನೂ ವ್ಯತ್ಯಾಸ ಇಲ್ಲ. ಇನ್ನೂ ದುಬಾರಿಯ ಹೆಡ್‌ಫೋನ್ ತಗೊಳ್ಳಬೇಕಾ? ಎಲ್‌ಡ್ಯಾಕ್, ಆಪ್ಟ್‌ಎಕ್ಸ್ ಅಂತೆಲ್ಲ ಓದಿದೆ, ಅದು ಇದಕ್ಕೆ ಸಂಬಂಧವಾ? ಗೊತ್ತಿರುವವರು ದಯವಿಟ್ಟು ಹೇಳಿ.

ತಂತಿಯಿಲ್ಲದವ

ಮೇಡಂ, ದುಡ್ಡು ಖರ್ಚು ಮಾಡಬೇಡಿ. ಹೆಡ್‌ಫೋನ್ ಸರಿಯಿದೆ, ಡ್ರೈವರ್ ಕೂಡ ಸರಿಯಿದೆ. ಎಷ್ಟೇ ದುಬಾರಿ ಹೆಡ್‌ಫೋನ್ ತಂದರೂ ಇದೇ ಕಥೆ ಆಗುತ್ತದೆ.

ನಾವೆಲ್ಲ ಬಳಸುವ ಹಳೇ ಬ್ಲೂಟೂತ್‌ನಲ್ಲಿ ಸದ್ದು ಹೋಗುವುದಕ್ಕೆ ಎರಡು ಬೇರೆ ಬೇರೆ ದಾರಿ ಇವೆ. ಒಂದು ಎ2ಡಿಪಿ. ಅದು ಹಾಡು ಕೇಳುವುದಕ್ಕೆ. ಸ್ಟೀರಿಯೊ, ಗುಣಮಟ್ಟ ಚೆನ್ನಾಗಿರುತ್ತದೆ, ಆದರೆ ಸದ್ದು ಒಂದೇ ಕಡೆಗೆ ಹೋಗುತ್ತದೆ, ಕಂಪ್ಯೂಟರ್‌ನಿಂದ ಕಿವಿಗೆ. ಇನ್ನೊಂದು ಎಚ್‌ಎಫ್‌ಪಿ. ಅದು ಫೋನ್ ಕರೆಗೆ ಅಂತ ಮಾಡಿದ್ದು. ಎರಡೂ ಕಡೆ ದನಿ ಹೋಗುತ್ತದೆ, ಆದರೆ ಒಂದೊಂದು ಕಡೆಗೆ ಬರೀ 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್), ಮೋನೊ. ಹೆಡ್‌ಫೋನ್‌ನ ಮೈಕನ್ನು ಯಾವುದಾದರೂ ಆ್ಯಪ್ ಕೇಳಿದ ಕೂಡಲೇ ಕಂಪ್ಯೂಟರ್ ಮೊದಲನೇ ದಾರಿ ಬಿಟ್ಟು ಎರಡನೆಯದಕ್ಕೆ ಜಿಗಿಯುತ್ತದೆ. ಮೈಕಿನ ಗುಣಮಟ್ಟ ಮಾತ್ರ ಅಲ್ಲ, ನೀವು ಕೇಳುವ ದನಿಯೂ ಅದರ ಜೊತೆಗೇ ಇಳಿಯುತ್ತದೆ.

ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಆ ಕರೆ ದಾರಿಯಲ್ಲಿ ಹಳೇ ಕೋಡೆಕ್ ಅಂದರೆ ಸಿವಿಎಸ್‌ಡಿ. ಅದು ಸೆಕೆಂಡಿಗೆ 8,000 ಸಲ ಮಾತ್ರ ದನಿಯನ್ನು ಅಳೆಯುತ್ತದೆ, ಅಂದರೆ 4,000 ಹರ್ಟ್ಜ್ ಮೇಲಿನದ್ದೆಲ್ಲ ಕಟ್. ಎಂಎಸ್‌ಬಿಸಿ ಅಂತ ಸ್ವಲ್ಪ ಉತ್ತಮವಾದದ್ದು ಬಂತು, ಅದು 16,000, ಹಾಗಾಗಿ 8,000 ಹರ್ಟ್ಜ್‌ವರೆಗೆ. ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಝೂಮ್‌ನಲ್ಲಿರುವಾಗ ಮಗುವಿಗೆ ಸ್ವರ ಹಾಡದೆ ಬರೀ ಉಸಿರಲ್ಲಿ "ಸ್ಸ್ಸ್" ಅಂತ ಉದ್ದಕ್ಕೆ ಎಳೆಯಲು ಹೇಳಿ, ಆಮೇಲೆ "ಫ್ಫ್ಫ್" ಅಂತ ಊದಲು ಹೇಳಿ. ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸಿದರೆ ನೀವು ಸಿವಿಎಸ್‌ಡಿಯಲ್ಲಿದ್ದೀರಿ. ಯಾಕೆಂದರೆ ಆ ಎರಡು ಅಕ್ಷರಗಳ ವ್ಯತ್ಯಾಸ ಬಹುಪಾಲು ಇರುವುದೇ ಆ ಕಟ್ ಆದ ಭಾಗದಲ್ಲಿ. ತಂಬೂರಿಯ ಜೀವಾಳದ ಝೇಂಕಾರವೂ ಬಹುಪಾಲು ಮೇಲಿನ ಸ್ವರಾಂಶಗಳದ್ದೇ, ಅದಕ್ಕೆ ಅದು ಮೊದಲು ಸಾಯುತ್ತದೆ.

ಪರಿಹಾರ ಸುಲಭ. ಕೇಳುವುದಕ್ಕೆ ಬ್ಲೂಟೂತ್, ಹಾಡುವುದಕ್ಕೆ ಬೇರೆ ಮೈಕ್. ಝೂಮ್ ಆಡಿಯೊ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಎಂಬಲ್ಲಿ ಹೆಡ್‌ಫೋನ್ ಇರಲಿ, ಮೈಕ್ರೋಫೋನ್ ಎಂಬಲ್ಲಿ ಲ್ಯಾಪ್‌ಟಾಪ್‌ನ ಮೈಕ್ ಅಥವಾ ಒಂದು ಯುಎಸ್‌ಬಿ ಮೈಕ್ ಆರಿಸಿ. ಅಷ್ಟೇ.

ಕರಾವಳಿ ಕಿವಿ

ತಂತಿಯಿಲ್ಲದವರು ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ಮ್ಯಾಕ್‌ನಲ್ಲೂ ಇದೇ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದು ಇನ್‌ಪುಟ್ ಎಂಬಲ್ಲಿ ಮ್ಯಾಕ್‌ನದ್ದೇ ಮೈಕ್ ಆರಿಸಿಡಬೇಕು. ಹೆಡ್‌ಫೋನ್ ಬಿಚ್ಚಿ ಮತ್ತೆ ಜೋಡಿಸಿದಾಗ ಅದು ವಾಪಸ್ ಹೆಡ್‌ಫೋನ್ ಮೈಕ್‌ಗೆ ಹೋಗಿಬಿಡುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು. ನನ್ನ ತಂಗಿಯ ಯಕ್ಷಗಾನ ಭಾಗವತಿಕೆ ಕ್ಲಾಸಿಗೆ ನಾನು ಮಾಡಿಕೊಟ್ಟದ್ದು ಇಷ್ಟೇ.

ಶ್ರುತಿಪೆಟ್ಟಿಗೆ

ತುಂಬಾ ಧನ್ಯವಾದ. "ಸ" ಮತ್ತು "ಫ" ಪರೀಕ್ಷೆ ಮಾಡಿದೆ, ಎರಡೂ ಒಂದೇ ಥರ! ಝೂಮ್‌ನಲ್ಲಿ ಮೈಕ್ ಬದಲಿಸಿದೆ. ಮೊದಲ ಕ್ಲಾಸ್ ಚೆನ್ನಾಗಿ ನಡೆಯಿತು. ಆದರೆ ಎರಡನೇ ಕ್ಲಾಸ್‌ನ ನಡುವೆ ಮತ್ತೆ ಅದೇ ಡಬ್ಬಿ ದನಿ. ಮೈಕ್ ಸೆಟ್ಟಿಂಗ್ ನೋಡಿದರೆ ಲ್ಯಾಪ್‌ಟಾಪ್‌ನದ್ದೇ ಇದೆ.

ತಂತಿಯಿಲ್ಲದವ

ಇನ್ನೊಂದು ಆ್ಯಪ್ ಮೈಕ್ ಕೇಳುತ್ತಿರಬೇಕು. ಬ್ರೌಸರ್‌ನಲ್ಲಿ ಯಾವುದಾದರೂ ಮೀಟಿಂಗ್ ಟ್ಯಾಬ್ ತೆರೆದಿತ್ತಾ, ಅಥವಾ ವಾಟ್ಸಾಪ್ ಕರೆ ಬಂತಾ? ವಿಂಡೋಸ್‌ನ ಪಟ್ಟಿಯಲ್ಲಿ ಕೆಳಗೆ ಗಡಿಯಾರದ ಹತ್ತಿರ ಚಿಕ್ಕ ಮೈಕ್ ಚಿಹ್ನೆ ಕಾಣುತ್ತದಲ್ಲ, ಅದರ ಮೇಲೆ ಮೌಸ್ ಇಟ್ಟರೆ ಯಾವ ಆ್ಯಪ್ ಬಳಸುತ್ತಿದೆ ಅಂತ ಹೇಳುತ್ತದೆ.

ಬೇರಿನಿಂದಲೇ ಕೀಳಬೇಕು ಅಂದರೆ ಹೀಗೆ ಮಾಡಿ. ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ತೆರೆಯಿರಿ. ಇನ್‌ಪುಟ್ ಪಟ್ಟಿಯಲ್ಲಿ ನಿಮ್ಮ ಹೆಡ್‌ಫೋನ್ ಹೆಸರು ಇರುತ್ತದೆ, ಅದರ ಮೇಲೆ ಒತ್ತಿ ಒಳಗೆ ಹೋಗಿ. ಆ್ಯಪ್‌ಗಳು ಈ ಸಾಧನವನ್ನು ಬಳಸಬಹುದಾ ಅಂತ ಕೇಳುವ ಜಾಗದಲ್ಲಿ ಡೋಂಟ್ ಅಲೌ ಒತ್ತಿ. ಈಗ ಹೆಡ್‌ಫೋನ್ ಮೈಕ್ ಯಾವ ಆ್ಯಪ್‌ಗೂ ಕಾಣುವುದಿಲ್ಲ, ಹಾಗಾಗಿ ಕರೆ ದಾರಿಗೆ ಜಿಗಿಯುವ ಕಾರಣವೇ ಇಲ್ಲ. ಬೇಕಾದಾಗ ಅಲ್ಲೇ ವಾಪಸ್ ಅಲೌ ಮಾಡಬಹುದು.

ವಿಂಡೋಸ್ 10 ಇರುವವರಿಗೆ: ನಿಮಗೆ ಸೌಂಡ್ ಪಟ್ಟಿಯಲ್ಲಿ ಒಂದೇ ಹೆಡ್‌ಫೋನ್ ಎರಡು ಹೆಸರಲ್ಲಿ ಕಾಣುತ್ತದೆ, ಒಂದು ಸ್ಟೀರಿಯೊ, ಇನ್ನೊಂದು ಹ್ಯಾಂಡ್ಸ್-ಫ್ರೀ. ಸ್ಟೀರಿಯೊ ಇರುವುದನ್ನೇ ಆರಿಸಿ. ಹಳೇ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿವೈಸಸ್ ಅಂಡ್ ಪ್ರಿಂಟರ್ಸ್‌ಗೆ ಹೋಗಿ, ಹೆಡ್‌ಫೋನ್ ಪ್ರಾಪರ್ಟೀಸ್ ತೆರೆದು, ಸರ್ವೀಸಸ್ ಟ್ಯಾಬ್‌ನಲ್ಲಿ ಹ್ಯಾಂಡ್ಸ್‌ಫ್ರೀ ಟೆಲಿಫೋನಿ ಎದುರಿನ ಗುರುತು ತೆಗೆದುಬಿಟ್ಟರೂ ಆಯಿತು.

ಹಳೇ ರೇಡಿಯೊ

ಸಂಗೀತ ಪಾಠ ಅಂತ ಹೇಳಿದ್ದಕ್ಕೆ ಇದನ್ನು ಸೇರಿಸುತ್ತೇನೆ, ಯಾಕೆಂದರೆ ಬ್ಲೂಟೂತ್ ಸರಿಯಾದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಝೂಮ್, ಗೂಗಲ್ ಮೀಟ್ ಇವೆಲ್ಲ ಮಾತಿಗೆ ಅಂತ ಮಾಡಿದವು. ಒಂದೇ ಸಮನೆ ಬರುವ ಸದ್ದು ಕೇಳಿದರೆ ಫ್ಯಾನ್ ಅಂತಲೋ ಎಸಿ ಅಂತಲೋ ತಿಳಿದು ಅಳಿಸಿಹಾಕುತ್ತವೆ. ತಂಬೂರಿ ಅಂದರೆ ಒಂದೇ ಸಮನೆ ಬರುವ ಸದ್ದು. ಹಾಗಾಗಿ ಶ್ರುತಿಯೇ ಮೊದಲು ಬಲಿ. ಮಗು ಒಂದು "ಸ" ಹಿಡಿದು ನಿಂತರೆ ಅದನ್ನೂ ಕೆಲವು ಸಲ ಕರಗಿಸಿಬಿಡುತ್ತದೆ.

ಝೂಮ್ ಆಡಿಯೊ ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್ ಅಂತ ಇದೆ, ಅದನ್ನು ಆನ್ ಮಾಡಿ. ಒಳಗೆ ಹೈ-ಫಿಡೆಲಿಟಿ ಮ್ಯೂಸಿಕ್ ಮೋಡ್‌ಗೆ ಟಿಕ್ ಹಾಕಿ. ಎಕೋ ಕ್ಯಾನ್ಸಲೇಶನ್ ತೆಗೆಯಬಹುದು, ಆದರೆ ಎರಡೂ ಕಡೆಯವರು ಹೆಡ್‌ಫೋನ್ ಹಾಕಿದ್ದರೆ ಮಾತ್ರ, ಇಲ್ಲವಾದರೆ ಪ್ರತಿಧ್ವನಿ ಶುರುವಾಗುತ್ತದೆ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಸಾಲದು, ಮೀಟಿಂಗ್ ಶುರುವಾದ ಮೇಲೆ ಪರದೆಯ ಮೇಲ್ಭಾಗದ ಮೂಲೆಯಲ್ಲಿ ಅದು ನಿಜವಾಗಿ ಆನ್ ಇದೆಯಾ ಅಂತ ನೋಡಿ. ಇದನ್ನು ಮಕ್ಕಳ ಕಡೆಯಲ್ಲೂ ಮಾಡಿಸಬೇಕು. ಅವರ ಕಡೆಯಿಂದ ಹೊರಡುವ ದನಿ ಅಲ್ಲೇ ಕೆಟ್ಟಿದ್ದರೆ ನೀವು ಇಲ್ಲಿ ಎಂಥಾ ಹೆಡ್‌ಫೋನ್ ಹಾಕಿಕೊಂಡರೂ ಪ್ರಯೋಜನ ಇಲ್ಲ. ಮೀಟ್‌ನಲ್ಲಾದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಿ.

ವಿಂಡೋಸ್‌ನಲ್ಲಿ ಇನ್ನೊಂದು ಕಾಟ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಲ್ಯಾಪ್‌ಟಾಪ್‌ನಲ್ಲೇ ತಂಬೂರಿ ಆ್ಯಪ್ ಹಾಕಿಕೊಂಡು ಕ್ಲಾಸ್ ಮಾಡುವವರಿಗೆ ಕರೆ ಶುರುವಾದ ಕೂಡಲೇ ತಂಬೂರಿ ಸದ್ದು ಕುಗ್ಗಿ ಹೋಗುತ್ತದೆ. ಅದು ಬ್ಲೂಟೂತ್ ತಪ್ಪಲ್ಲ. ಕರೆ ಬಂದಾಗ ಉಳಿದ ಸದ್ದುಗಳನ್ನು ಶೇ 80ರಷ್ಟು ಇಳಿಸು ಅಂತ ವಿಂಡೋಸ್ ತಾನಾಗಿ ಇಟ್ಟುಕೊಂಡಿರುತ್ತದೆ. ಹಳೇ ಸೌಂಡ್ ಕಿಟಕಿ ತೆರೆದು ಕಮ್ಯುನಿಕೇಶನ್ಸ್ ಟ್ಯಾಬ್‌ನಲ್ಲಿ ಡು ನಥಿಂಗ್ ಆರಿಸಿ.

ಕೋಡೆಕ್ ಕುಮಾರ

ಇಷ್ಟೆಲ್ಲ ಸರಿ, ಆದರೆ ಹಾಡು ಕೇಳುವ ದಾರಿಯ ಕೋಡೆಕ್ ಬಗ್ಗೆ ಯಾರೂ ಮಾತಾಡಿಲ್ಲವಲ್ಲ? ಮೇಡಂ ಅವರ ಹೆಡ್‌ಫೋನ್‌ನಲ್ಲಿ ಎಲ್‌ಡ್ಯಾಕ್ ಇದ್ದರೆ ಅದನ್ನು 990 ಕೆಬಿಪಿಎಸ್‌ನಲ್ಲಿ ಓಡಿಸಬೇಕು. ಮಾಮೂಲಿ ಕೋಡೆಕ್ ಆದ ಎಸ್‌ಬಿಸಿ ಕೇಳಿದ ಕಿವಿಗೆ ಎಲ್‌ಡ್ಯಾಕ್ ಕೇಳಿಸಿದರೆ ಮತ್ತೆ ವಾಪಸ್ ಹೋಗುವುದಿಲ್ಲ. ವಿಂಡೋಸ್‌ನಲ್ಲಿ ಎಲ್‌ಡ್ಯಾಕ್ ಇಲ್ಲ, ಅದೇ ದೊಡ್ಡ ಕೊರತೆ.

ಹಳೇ ರೇಡಿಯೊ

ಕುಮಾರ್ ಅವರೇ, ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ಎಲ್‌ಡ್ಯಾಕ್ ಒಳ್ಳೆಯದಲ್ಲ ಅಂತ ಹೇಳುತ್ತಿಲ್ಲ. ಆದರೆ ಮೊದಲು ಮೂಲ ಏನು ಅಂತ ನೋಡಬೇಕು. ಯೂಟ್ಯೂಬ್‌ನಲ್ಲಿ ನಾವು ಕೇಳುವ ಕಛೇರಿಯ ಆಡಿಯೊ ಸಾಮಾನ್ಯವಾಗಿ 160 ಕೆಬಿಪಿಎಸ್ ಆಸುಪಾಸು ಅಥವಾ ಅದಕ್ಕೂ ಕಮ್ಮಿ. ಅದನ್ನು 990ರ ಕೊಳವೆಯಲ್ಲಿ ಬಿಟ್ಟರೆ ಹೊಸದಾಗಿ ಏನೂ ಹುಟ್ಟುವುದಿಲ್ಲ. ಝೂಮ್ ದನಿ ಅಂತೂ ಇನ್ನೂ ಕಮ್ಮಿ.

ಎಸ್‌ಬಿಸಿಗೆ ಜನ ಸುಮ್ನೆ ಬೈಯುತ್ತಾರೆ. ಅದು ಎಲ್ಲ ಬ್ಲೂಟೂತ್ ಸ್ಟೀರಿಯೊ ಸಾಧನದಲ್ಲೂ ಕಡ್ಡಾಯ. ಸರಿಯಾಗಿ ಓಡಿದರೆ 328 ಕೆಬಿಪಿಎಸ್‌ವರೆಗೆ ಹೋಗುತ್ತದೆ, ಮತ್ತು ಆ ಮಟ್ಟದಲ್ಲಿ ತೀರಾ ಕಷ್ಟದ ರೆಕಾರ್ಡಿಂಗ್ ಬಿಟ್ಟರೆ ವ್ಯತ್ಯಾಸ ಹಿಡಿಯುವುದು ಸುಲಭ ಅಲ್ಲ. ಅದಕ್ಕೆ ಕೆಟ್ಟ ಹೆಸರು ಬಂದದ್ದು ಬಿಟ್‌ಪೂಲ್‌ನಿಂದ. ಒಂದು ಕಂತಿನಲ್ಲಿ ಎಷ್ಟು ಬಿಟ್ ತುಂಬಬಹುದು ಅಂತ ಹೇಳುವ ಸಂಖ್ಯೆ ಅದು. ಒಳ್ಳೆಯ ಗುಣಮಟ್ಟಕ್ಕೆ 53 ಇರಬೇಕು. ಕೆಲವು ಹೆಡ್‌ಫೋನ್‌ಗಳು, ಕೆಲವು ಕಾರ್ ಸ್ಟೀರಿಯೊಗಳು ತಮ್ಮ ಮಿತಿಯನ್ನು 35ರ ಹತ್ತಿರ ಇಟ್ಟಿರುತ್ತವೆ. ಆಗ ತಾಳದ ಗೆಜ್ಜೆ, ಘಟದ ಮೇಲಿನ ಬೆರಳ ಏಟು ಮರಳು ಮರಳಾಗಿ ಕೇಳುತ್ತದೆ.

ವಿಂಡೋಸ್ ಯಾವ ಕೋಡೆಕ್ ಬಳಸುತ್ತಿದೆ ಅಂತ ಅದು ತಾನಾಗಿ ಎಲ್ಲೂ ತೋರಿಸುವುದಿಲ್ಲ. ಬ್ಲೂಟೂತ್ ಟ್ವೀಕರ್ ಅಂತ ಒಂದು ತಂತ್ರಾಂಶ ಇದೆ, ಅದು ಕೋಡೆಕ್, ಬಿಟ್‌ಪೂಲ್ ಎರಡನ್ನೂ ತೋರಿಸುತ್ತದೆ. ವಿಂಡೋಸ್ 10ರಲ್ಲಿ ಎಸ್‌ಬಿಸಿ ಮತ್ತು ಆಪ್ಟ್‌ಎಕ್ಸ್ ಇತ್ತು, 11ರಲ್ಲಿ ಎಎಸಿ ಎಂಬ ಇನ್ನೊಂದು ಕೋಡೆಕ್ ಸೇರಿತು. ಎಲ್‌ಡ್ಯಾಕ್ ಬೇಕೇ ಬೇಕು ಅಂದರೆ ಆಲ್ಟರ್ನೇಟಿವ್ ಎ2ಡಿಪಿ ಡ್ರೈವರ್ ಅಂತ ದುಡ್ಡು ಕೊಟ್ಟು ತಗೊಳ್ಳುವ ಡ್ರೈವರ್ ಇದೆ, ಅದರಲ್ಲಿ ಎಸ್‌ಬಿಸಿಯ ಬಿಟ್‌ಪೂಲನ್ನೂ ಏರಿಸಬಹುದು.

ಕೋಡೆಕ್ ಕುಮಾರ

ಸರ್, ಯೂಟ್ಯೂಬ್ ವಿಷಯ ಒಪ್ಪಿದೆ. ಆದರೆ ನನ್ನ ಹತ್ತಿರ ಸಿಡಿಯಿಂದ ತೆಗೆದ, ಗುಣಮಟ್ಟ ಒಂದಿಷ್ಟೂ ಕಳೆಯದ ಫ್ಲ್ಯಾಕ್ ಫೈಲ್‌ಗಳಿವೆ. ಸಿಡಿ ಅಂದರೆ 1,411 ಕೆಬಿಪಿಎಸ್. ಅದಕ್ಕೆ 328 ಸಾಕಾ? ಅಂಥ ಮೂಲ ಇರುವವರಿಗೆ ಎಲ್‌ಡ್ಯಾಕ್ ಅರ್ಥ ಇದೆ ಅಂತಲೇ ನನ್ನ ವಾದ. ಫೋನ್ ಬಳಸುವವರಿಗೆ ದುಡ್ಡೂ ಬೇಡ, ಆಂಡ್ರಾಯ್ಡ್ 8 ಬಂದಾಗಿನಿಂದ, ಅಂದರೆ 2017ರಿಂದ, ಎಲ್‌ಡ್ಯಾಕ್ ಆಂಡ್ರಾಯ್ಡ್ ಮೂಲದಲ್ಲೇ ಇದೆ.

ಮಾಡುವುದು ಹೀಗೆ. ಫೋನ್ ಸೆಟ್ಟಿಂಗ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಬ್ಲೂಟೂತ್ ಆಡಿಯೊ ಕೋಡೆಕ್ ಹುಡುಕಿ. ಹೆಡ್‌ಫೋನ್ ಜೋಡಿಸಿದ ಮೇಲೆ ಮಾತ್ರ ಆಯ್ಕೆಗಳು ಬೆಳಗುತ್ತವೆ. ಎಲ್ಲ ಮಸುಕಾಗಿಯೇ ಕಂಡರೆ ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನ್ ಪಕ್ಕದ ಹಲ್ಲುಚಕ್ರದ ಚಿಹ್ನೆ ಒತ್ತಿ ಎಚ್‌ಡಿ ಆಡಿಯೊ ಆನ್ ಇದೆಯಾ ನೋಡಿ. ಎಲ್‌ಡ್ಯಾಕ್‌ಗೆ 990, 660, 330 ಅಂತ ಮೂರು ಮೆಟ್ಟಿಲು, ಜೊತೆಗೆ ತಾನೇ ಏರಿಳಿಯುವ ಬೆಸ್ಟ್ ಎಫರ್ಟ್.

ಒಂದು ಎಚ್ಚರಿಕೆ: ಕೆಲವು ಹೆಡ್‌ಫೋನ್‌ಗಳಲ್ಲಿ ಒಂದೇ ಸಲಕ್ಕೆ ಎರಡು ಸಾಧನಕ್ಕೆ ಜೋಡಿಸುವ ಸೌಲಭ್ಯ ಆನ್ ಇದ್ದರೆ ಎಲ್‌ಡ್ಯಾಕ್ ಮಾಯ ಆಗುತ್ತದೆ. ಹೆಡ್‌ಫೋನ್‌ನ ಆ್ಯಪ್‌ನಲ್ಲೇ ದನಿಗೆ ಆದ್ಯತೆಯಾ ಸಂಪರ್ಕಕ್ಕೆ ಆದ್ಯತೆಯಾ ಅಂತ ಕೇಳುವ ಸೆಟ್ಟಿಂಗೂ ಇರಬಹುದು, ಮೊದಲು ಅದನ್ನು ನೋಡಿ.

ಸಾಫ್ಟ್‌ವೇರ್ ಸಾವಿತ್ರಿ

ಐಫೋನ್ ಇರುವವರು ಈ ಹುಡುಕಾಟ ಬಿಟ್ಟುಬಿಡಿ. ಅದರಲ್ಲಿ ಎಎಸಿ ಮತ್ತು ಎಸ್‌ಬಿಸಿ ಮಾತ್ರ. ಎಲ್‌ಡ್ಯಾಕ್, ಆಪ್ಟ್‌ಎಕ್ಸ್ ಅಂತ ಡಬ್ಬದ ಮೇಲೆ ಬರೆದಿದೆ ಅಂತ ಜಾಸ್ತಿ ದುಡ್ಡು ಕೊಟ್ಟರೆ ಐಫೋನ್‌ನಲ್ಲಿ ಅದು ಬಳಕೆಗೇ ಬರುವುದಿಲ್ಲ. ಆದರೆ ಆ್ಯಪಲ್‌ನ ಎಎಸಿ ಚೆನ್ನಾಗಿದೆ, ಅದರಲ್ಲಿ ಕೊರಗುವಂಥದ್ದೇನೂ ಇಲ್ಲ. ಆಂಡ್ರಾಯ್ಡ್‌ನಲ್ಲಿ ಎಎಸಿ ಫೋನಿನಿಂದ ಫೋನಿಗೆ ಬೇರೆ ಬೇರೆ, ಹಾಗಾಗಿ ಎಎಸಿ ಮತ್ತು ಎಸ್‌ಬಿಸಿ ಎರಡನ್ನೂ ಹಾಕಿ ಕೇಳಿ ನಿರ್ಧರಿಸಿ.

ಪೆಂಗ್ವಿನ್ ಪಾರ್ಟಿ

ಲಿನಕ್ಸ್ ಬಗ್ಗೆ ನಾನು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ ಅಲ್ವಾ. ಬ್ಲೂಟೂತ್ ದನಿಯಲ್ಲಿ ಇವತ್ತು ಲಿನಕ್ಸ್ ಉಳಿದವರಿಗಿಂತ ಮುಂದಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಅದಕ್ಕೆ ಕಾರಣ ಪೈಪ್‌ವೈರ್ ಎಂಬ, ಸದ್ದನ್ನು ನಿಭಾಯಿಸುವ ತಂತ್ರಾಂಶ. ಲಿನಕ್ಸ್‌ನ ಬೇರೆ ಬೇರೆ ಹಂಚಿಕೆಗಳಲ್ಲಿ (ಸಿದ್ಧ ಆವೃತ್ತಿಗಳಲ್ಲಿ) ಫೆಡೋರಾ 34, 2021ರಲ್ಲಿ ಅದನ್ನು ಮೂಲ ಆಡಿಯೊ ವ್ಯವಸ್ಥೆ ಮಾಡಿಕೊಂಡಿತು, ಉಬುಂಟು 22.10ರಲ್ಲಿ ಮಾಡಿಕೊಂಡಿತು. ಎಲ್‌ಡ್ಯಾಕ್, ಆಪ್ಟ್‌ಎಕ್ಸ್, ಆಪ್ಟ್‌ಎಕ್ಸ್ ಎಚ್‌ಡಿ ಎಲ್ಲ ಪುಕ್ಕಟೆ ಸಿಗುತ್ತದೆ. ಎಎಸಿ ಮಾತ್ರ ಪರವಾನಗಿ ತಕರಾರಿನಿಂದ ಕೆಲವು ಹಂಚಿಕೆಗಳಲ್ಲಿ ಜೊತೆಗೆ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಎಸ್‌ಬಿಸಿ-ಎಕ್ಸ್‌ಕ್ಯೂ. ಹೊಸ ಕೋಡೆಕ್ ಅಲ್ಲ ಅದು. ಅದೇ ಹಳೇ ಎಸ್‌ಬಿಸಿಯನ್ನು ಡ್ಯುಯಲ್ ಚಾನೆಲ್ ವಿಧಾನದಲ್ಲಿ ಹಾಕಿ, ಎಡ ಬಲ ಎರಡಕ್ಕೂ ಬೇರೆ ಬೇರೆ ಬಿಟ್ ಕೊಟ್ಟು, 452 ಅಥವಾ 551 ಕೆಬಿಪಿಎಸ್‌ವರೆಗೆ ಏರಿಸುತ್ತಾರೆ. ಬಿಟ್‌ಪೂಲ್ ಮಿತಿ ಒಂದೊಂದು ಚಾನೆಲ್‌ಗೆ ಅನ್ವಯಿಸುವುದರಿಂದ ಬಹಳಷ್ಟು ಹೆಡ್‌ಫೋನ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ. ಅಂದರೆ ಎಲ್‌ಡ್ಯಾಕೂ ಇಲ್ಲದ, ಆಪ್ಟ್‌ಎಕ್ಸೂ ಇಲ್ಲದ ಸಾಧಾರಣ ಹೆಡ್‌ಫೋನ್ ಕೂಡ ಬರೀ ತಂತ್ರಾಂಶದಿಂದ ಉತ್ತಮ ಆಗುತ್ತದೆ. ಒಂದು ಪೈಸೆ ಖರ್ಚಿಲ್ಲ! ಹೆಡ್‌ಫೋನ್ ಕಂಪನಿಗಳು ಡಬ್ಬದ ಮೇಲೆ ಬರೆಯಲಾಗದ ಸುಧಾರಣೆ ಇದು, ಅದಕ್ಕೇ ಯಾರೂ ಇದರ ಬಗ್ಗೆ ಜಾಹೀರಾತು ಹಾಕುವುದಿಲ್ಲ.

ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಎಂಬ ಚಿಕ್ಕ ತಂತ್ರಾಂಶ ಹಾಕಿಕೊಳ್ಳಿ. ಪೈಪ್‌ವೈರ್ ಇದ್ದರೂ ಅದು ಕೆಲಸ ಮಾಡುತ್ತದೆ. ಅದರ ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಹೆಡ್‌ಫೋನ್ ಎದುರಿನ ಪಟ್ಟಿ ತೆರೆದರೆ ಎ2ಡಿಪಿ ಜೊತೆ ಒಂದೊಂದು ಕೋಡೆಕ್ ಹೆಸರು ಬಿಡಿಸಿ ಬರೆದಿರುತ್ತದೆ, ಕೆಳಗೆ ಎಚ್‌ಎಫ್‌ಪಿ ಇರುತ್ತದೆ. ಹಾಡು ಓಡುತ್ತಿರುವಾಗಲೇ ಬದಲಿಸಿ ಕೇಳಿ. ಮೈಕ್ ತೆರೆದಾಗ ಕರೆ ದಾರಿಗೆ ಜಿಗಿಯುವ ಚಾಳಿ ಇಲ್ಲೂ ಇದೆ, ಆದರೆ ಅದನ್ನು ಪೈಪ್‌ವೈರ್ ಜೊತೆಗೆ ಓಡುವ ವೈರ್‌ಪ್ಲಂಬರ್ ಎಂಬ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಪೂರ್ತಿ ಆಫ್ ಮಾಡಬಹುದು.

ಹುಬ್ಬಳ್ಳಿ ಹುಡುಗ

ಅಣ್ಣಾರ, ನಂದು ಬ್ಯಾರೆ ಸಮಸ್ಯೆ. ಡೆಸ್ಕ್‌ಟಾಪ್ ಐತಿ, ಅದರಾಗ ಬ್ಲೂಟೂತ್ ಮದರ್‌ಬೋರ್ಡ್‌ನಾಗ ಬಂದೈತಿ. ದನಿ ಚಲೋನ ಐತಿ, ಆದ್ರ ನಡುನಡುವ ಕಟ್ ಕಟ್ ಆಕ್ಕೈತಿ. ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋದ್ರ ಪೂರ್ತಿ ಬಂದ್. ಏನ್ ಮಾಡ್ಲಿ?

ತಂತಿಯಿಲ್ಲದವ

ಡೆಸ್ಕ್‌ಟಾಪ್ ಹಿಂದೆ ಚಿನ್ನದ ಬಣ್ಣದ ಎರಡು ಚಿಕ್ಕ ತಿರುಪು ಕಾಣುತ್ತವಾ? ಅಲ್ಲಿಗೆ ಆಂಟೆನಾ ಹಾಕಿದ್ದೀರಾ? ಮದರ್‌ಬೋರ್ಡ್ ಡಬ್ಬದಲ್ಲಿ ಕೊಟ್ಟಿರುತ್ತಾರೆ. ವೈಫೈ ಬೇಡ, ಕೇಬಲ್ ಇದೆ ಅಂತ ಜನ ಅದನ್ನು ಡಬ್ಬದಲ್ಲೇ ಬಿಟ್ಟುಬಿಡುತ್ತಾರೆ. ಬ್ಲೂಟೂತ್‌ಗೂ ಅದೇ ಆಂಟೆನಾ. ಅದಿಲ್ಲದೆ ಲೋಹದ ಕ್ಯಾಬಿನೆಟ್ ಹಿಂದಿನಿಂದ ಸಿಗ್ನಲ್ ಬರಬೇಕು ಅಂದರೆ ಕಷ್ಟ. ಆಂಟೆನಾ ಹಾಕಿ, ಮೇಜಿನ ಮೇಲಕ್ಕೆ ತನ್ನಿ.

ಬ್ಲೂಟೂತ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಚಿಕ್ಕ ಬ್ಲೂಟೂತ್ ಸಾಧನ) ಬಳಸುವವರಿಗೂ ಒಂದು ಮಾತು. ಯುಎಸ್‌ಬಿ 3 ಪೋರ್ಟ್ ಪಕ್ಕದಲ್ಲಿ ಡಾಂಗಲ್ ಇದ್ದು, ಅಲ್ಲೇ ಹೊರಗಿನ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ದನಿ ಕಡಿಯುತ್ತದೆ. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಜ್ ಸುತ್ತ ಗದ್ದಲ ಏಳುತ್ತದೆ ಅಂತ ಇಂಟೆಲ್ 2012ರಲ್ಲೇ ವರದಿ ಬರೆದಿತ್ತು. ಬ್ಲೂಟೂತ್ ಇರುವುದೂ ಅಲ್ಲೇ. ಒಂದು ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟರೆ ಆಯಿತು.

ಸಾಫ್ಟ್‌ವೇರ್ ಸಾವಿತ್ರಿ

ಅದರ ಜೊತೆಗೆ ವೈಫೈ. ಬ್ಲೂಟೂತ್ 2.4 ಗಿಗಾಹರ್ಟ್ಜ್ ಪಟ್ಟಿಯನ್ನು 79 ಚಿಕ್ಕ ಚಾನೆಲ್ ಮಾಡಿಕೊಂಡು ಸೆಕೆಂಡಿಗೆ 1,600 ಸಲ ಒಂದರಿಂದ ಒಂದಕ್ಕೆ ಹಾರುತ್ತಿರುತ್ತದೆ. ಗದ್ದಲ ಇರುವ ಚಾನೆಲ್‌ಗಳನ್ನು ಬಿಟ್ಟು ಹಾರುವುದಕ್ಕೂ ಬರುತ್ತದೆ. ಆದರೆ ಒಂದು ವೈಫೈ ಚಾನೆಲ್ ಅಂಥ ಸುಮಾರು 20 ಚಾನೆಲ್ ನುಂಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕ ಮೇಲೆ ಕೆಳಗೆ ಎಲ್ಲರ ರೌಟರ್ ಸೇರಿದರೆ ಹಾರುವುದಕ್ಕೆ ಜಾಗವೇ ಉಳಿಯುವುದಿಲ್ಲ. ಕಂಪ್ಯೂಟರನ್ನೂ ಫೋನನ್ನೂ 5 ಗಿಗಾಹರ್ಟ್ಜ್ ವೈಫೈಗೆ ಹಾಕಿಬಿಡಿ. ಲ್ಯಾಪ್‌ಟಾಪ್‌ನಲ್ಲಿ ವೈಫೈ ಬ್ಲೂಟೂತ್ ಎರಡೂ ಒಂದೇ ಕಾರ್ಡ್‌ನಲ್ಲಿ ಇರುವುದರಿಂದ ಇದು ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಮಾಡುತ್ತದೆ. ಎಲ್‌ಡ್ಯಾಕ್ 990ಕ್ಕೆ ಹಾಕಿ ಕಡಿಯುತ್ತದೆ ಅನ್ನುವವರು 660ಕ್ಕೆ ಇಳಿಸಿ, ಕಡಿಯದ 660 ಕಡಿಯುವ 990ಕ್ಕಿಂತ ಮೇಲು.

ಹುಬ್ಬಳ್ಳಿ ಹುಡುಗ

ಆಂಟೆನಾ ಡಬ್ಬದಾಗ ಹಂಗ ಇತ್ತು! ಹಾಕಿದೆ, ಈಗ ಅಡಿಗಿಮನಿ ತನಕ ಹೋದ್ರೂ ಕಡಿಯಂಗಿಲ್ಲ. ಭಾಳ ಉಪಕಾರ ಆತು ಅಣ್ಣ.

ಶ್ರುತಿಪೆಟ್ಟಿಗೆ

ನನ್ನದೂ ಸರಿಯಾಯಿತು, ಹೆಡ್‌ಫೋನ್ ಮೈಕ್ ಬಂದ್ ಮಾಡಿದ ಮೇಲೆ ಮತ್ತೆ ಡಬ್ಬಿ ದನಿ ಬಂದಿಲ್ಲ. ಒರಿಜಿನಲ್ ಸೌಂಡ್ ಹಾಕಿಸಿದ ಮೇಲೆ ಮಕ್ಕಳ ದನಿಯಲ್ಲಿ ಉಸಿರು ಕೂಡ ಕೇಳಿಸುತ್ತದೆ. ಅದು ನನಗೆ ಬಹಳ ಮುಖ್ಯ, ಎಲ್ಲಿ ಉಸಿರು ತಗೊಳ್ಳುತ್ತಾರೆ ಅಂತ ಗೊತ್ತಾದರೆ ಅರ್ಧ ತಿದ್ದಿದ ಹಾಗೆ.

ಇನ್ನೊಂದು ಪ್ರಶ್ನೆ. ತಾಳದ ಆ್ಯಪ್ ಹಾಕಿಕೊಂಡು ಹಾಡಿ ರೆಕಾರ್ಡ್ ಮಾಡಿ ಕಳಿಸಿ ಅಂತ ಮಕ್ಕಳಿಗೆ ಹೇಳುತ್ತೇನೆ. ಬ್ಲೂಟೂತ್ ಹಾಕಿಕೊಂಡು ಮಾಡುವ ಮಕ್ಕಳ ರೆಕಾರ್ಡಿಂಗ್‌ನಲ್ಲಿ ಹಾಡು ಯಾವಾಗಲೂ ತಾಳದ ಹಿಂದೆ ಬೀಳುತ್ತದೆ. ನೇರ ಕೂರಿಸಿ ಹಾಡಿಸಿದರೆ ಅದೇ ಮಗು ಸರಿಯಾಗಿ ಹಾಡುತ್ತದೆ. ಇದೂ ಬ್ಲೂಟೂತ್ ಕಾರಣವಾ?

ಹಳೇ ರೇಡಿಯೊ

ಹೌದು, ದಯವಿಟ್ಟು ಆ ಮಕ್ಕಳಿಗೆ ಬೈಯಬೇಡಿ. ಬ್ಲೂಟೂತ್‌ನಲ್ಲಿ ದನಿ ಕಿವಿಗೆ ಬರುವುದು ತಡ. ಎಸ್‌ಬಿಸಿ, ಎಎಸಿ, ಎಲ್‌ಡ್ಯಾಕ್ ಯಾವುದೇ ಇರಲಿ, ಸುಮಾರು 150ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಈಗ ಲೆಕ್ಕ ಹಾಕಿ. ಆದಿತಾಳ, ನಿಮಿಷಕ್ಕೆ 60 ಏಟು, ಒಂದು ಏಟಿಗೆ ನಾಲ್ಕು ಅಕ್ಷರ ಅಂದರೆ ಒಂದೊಂದು ಅಕ್ಷರಕ್ಕೆ 250 ಮಿಲಿಸೆಕೆಂಡ್. ಮಗು ತನಗೆ ಕೇಳಿಸಿದ ತಾಳಕ್ಕೆ ಸರಿಯಾಗಿಯೇ ಹಾಡುತ್ತದೆ, ಆದರೆ ಅದಕ್ಕೆ ಕೇಳಿಸಿದ್ದೇ ಹೆಚ್ಚುಕಮ್ಮಿ ಒಂದು ಅಕ್ಷರ ತಡವಾಗಿ. ಆ್ಯಪ್ ರೆಕಾರ್ಡ್ ಮಾಡುವಾಗ ತಾಳವನ್ನು ಅದರ ಮೂಲ ಸಮಯದಲ್ಲೇ ಇಟ್ಟು, ದನಿಯನ್ನು ಬಂದ ಸಮಯಕ್ಕೆ ಇಡುತ್ತದೆ. ಹಾಗಾಗಿ ಹಾಡು ಪೂರ್ತಿ ಒಂದು ಅಕ್ಷರ ಹಿಂದೆ.

ಶ್ರುತಿಗೆ ಈ ತೊಂದರೆ ಇಲ್ಲ. ತಂಬೂರಿ ಕಾಲು ಸೆಕೆಂಡ್ ತಡವಾಗಿ ಬಂದರೂ ಷಡ್ಜ ಷಡ್ಜವೇ. ಆದ್ದರಿಂದ ತಂಬೂರಿಗೆ ಬ್ಲೂಟೂತ್ ಧಾರಾಳವಾಗಿ ಬಳಸಿ. ತಾಳದ ಜೊತೆ ರೆಕಾರ್ಡ್ ಮಾಡುವಾಗ ಮಾತ್ರ ವೈರ್ ಇಯರ್‌ಫೋನ್, ಅದಕ್ಕೆ ಬೇರೆ ದಾರಿ ಇಲ್ಲ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅಂತ 40 ಮಿಲಿಸೆಕೆಂಡ್‌ಗೆ ಇಳಿಸುವ ಕೋಡೆಕ್ ಇತ್ತು, ಆದರೆ ಎರಡೂ ಕಡೆ ಅದೇ ಇರಬೇಕು, ಈಗಿನ ಹೆಡ್‌ಫೋನ್‌ಗಳಲ್ಲಿ ಅಪರೂಪ.

ವಿಡಿಯೊ ನೋಡುವಾಗ ಇದು ಅಷ್ಟು ಗೊತ್ತಾಗುವುದಿಲ್ಲ, ಯಾಕೆಂದರೆ ವಿಡಿಯೊ ಪ್ಲೇಯರ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತವೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸುವಾಗ ತುಟಿಗೂ ಮಾತಿಗೂ ಹೊಂದದಿದ್ದರೆ ಜೆ ಕೀಲಿ ಒತ್ತಿ, ಒಂದು ಸಲಕ್ಕೆ 50 ಮಿಲಿಸೆಕೆಂಡ್ ದನಿ ಮುಂಚೆ ಬರುತ್ತದೆ. ಜಾಸ್ತಿ ಆದರೆ ಕೆ ಒತ್ತಿ ವಾಪಸ್.

ಕೋಡೆಕ್ ಕುಮಾರ

ಈ ಎರಡು ದಾರಿ ತಾಪತ್ರಯ ಎಂದಾದರೂ ತೀರುತ್ತದಾ ಅಂತ ಕೇಳುವವರಿಗೆ: ಎಲ್‌ಇ ಆಡಿಯೊ, ಅಂದರೆ ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ಹೊಸ ವಿಧಾನ. 2020ರ ಜನವರಿಯಲ್ಲಿ ಘೋಷಣೆ ಆಯಿತು. ಇದರ ಕೋಡೆಕ್ ಎಲ್‌ಸಿ3, ಫ್ರೌನ್‌ಹೋಫರ್ ಮತ್ತು ಎರಿಕ್ಸನ್ ಮಾಡಿದ್ದು. ಕಮ್ಮಿ ಬಿಟ್‌ನಲ್ಲೂ ಎಸ್‌ಬಿಸಿಗಿಂತ ಚೆನ್ನಾಗಿದೆ, ಮತ್ತು ಮೈಕ್ ಓಡುವಾಗಲೂ ಕೇಳುವ ದನಿ ಕುಸಿಯಬೇಕಾಗಿಲ್ಲ. ಆಂಡ್ರಾಯ್ಡ್ 13ರಿಂದ ಬೆಂಬಲ ಇದೆ. ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿಗೆ, ಮೈಕ್ ಆನ್ ಇದ್ದಾಗಲೂ ಸ್ಟೀರಿಯೊ ಉಳಿಯುವ ಹಾಗೆ ಮಾಡಿತು.

ಆದರೆ ಹೆಡ್‌ಫೋನ್, ಕಂಪ್ಯೂಟರ್‌ನ ಬ್ಲೂಟೂತ್ ಚಿಪ್, ಡ್ರೈವರ್, ಮೂರೂ ಒಪ್ಪಬೇಕು. ಬ್ಲೂಟೂತ್ 5.2, 5.3 ಅಂತ ಡಬ್ಬದ ಮೇಲೆ ಬರೆದಿದ್ದರೆ ಎಲ್‌ಇ ಆಡಿಯೊ ಇದೆ ಅಂತ ಅರ್ಥ ಅಲ್ಲ, ಅಂಗಡಿಯವರು ಎಷ್ಟೇ ಹೇಳಲಿ. ವಿಂಡೋಸ್‌ನಲ್ಲಿ ಬ್ಲೂಟೂತ್ ಡಿವೈಸಸ್ ಪುಟದ ಕೆಳಗೆ ಯೂಸ್ ಎಲ್‌ಇ ಆಡಿಯೊ ವೆನ್ ಅವೈಲೆಬಲ್ ಅಂತ ಒಂದು ಸ್ವಿಚ್ ಕಂಡರೆ ಮಾತ್ರ ನಿಮ್ಮ ಕಂಪ್ಯೂಟರ್‌ನಲ್ಲಿ ಇದೆ.

ಡಲ್ಲಾಸ್ ಅಪ್ಪ

ನನ್ನ ಮಗಳು ಹೀಗೆಯೇ ಮೈಸೂರಿನ ಗುರುಗಳ ಹತ್ತಿರ ಕಲಿಯುತ್ತಾಳೆ, ಈ ಚರ್ಚೆ ಪೂರ್ತಿ ಓದಿದೆ. ನಮ್ಮ ಹತ್ತಿರ ಆಂಡ್ರಾಯ್ಡ್ ಟ್ಯಾಬ್, ಇಯರ್‌ಬಡ್. ಅದರಲ್ಲಿ ಬೇರೆ ಮೈಕ್ ಆರಿಸುವ ಆಯ್ಕೆಯೇ ಸಿಗುತ್ತಿಲ್ಲ. ಏನು ಮಾಡಲಿ?

ತಂತಿಯಿಲ್ಲದವ

ಸರ್, ಟ್ಯಾಬ್‌ನ ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಬಡ್ ಪಕ್ಕದ ಚಕ್ರ ಒತ್ತಿ. ಫೋನ್ ಕಾಲ್ಸ್, ಮೀಡಿಯಾ ಆಡಿಯೊ ಅಂತ ಎರಡು ಸ್ವಿಚ್ ಇರುತ್ತವೆ. ಫೋನ್ ಕಾಲ್ಸ್ ಆಫ್ ಮಾಡಿ, ಮೀಡಿಯಾ ಆನ್ ಇರಲಿ. ಆಗ ಟ್ಯಾಬ್ ತನ್ನದೇ ಮೈಕ್ ಬಳಸಬೇಕಾಗುತ್ತದೆ. ಕೆಲವು ಮೀಟಿಂಗ್ ಆ್ಯಪ್‌ಗಳು ಆಗ ದನಿಯನ್ನು ಟ್ಯಾಬ್ ಸ್ಪೀಕರ್‌ಗೆ ತಳ್ಳುತ್ತವೆ. ಹಾಗಾದರೆ ಹಟ ಮಾಡಬೇಡಿ, ಒಂದು ವೈರ್ ಇಯರ್‌ಫೋನ್ ಹಾಕಿಕೊಡಿ. ಟ್ಯಾಬನ್ನು ಸ್ಟ್ಯಾಂಡ್ ಮೇಲೆ ಮಗುವಿನ ಮುಖದ ಮಟ್ಟಕ್ಕೆ, ಒಂದು ಮೊಳ ದೂರದಲ್ಲಿ ಇಡಿ, ಫ್ಯಾನ್ ಗಾಳಿ ಮೈಕ್‌ಗೆ ನೇರ ಹೊಡೆಯದ ಹಾಗೆ.

ಡಲ್ಲಾಸ್ ಅಪ್ಪ

ಫೋನ್ ಕಾಲ್ಸ್ ಆಫ್ ಮಾಡಿದೆ, ದನಿ ಇಯರ್‌ಬಡ್‌ನಲ್ಲೇ ಇದೆ, ಮೈಕ್ ಟ್ಯಾಬ್‌ನದ್ದು. ಕೆಲಸ ಮಾಡಿತು. ಆದರೆ ಇಯರ್‌ಬಡ್ ವಾಲ್ಯೂಮ್ ಒಂದೋ ತೀರಾ ಕಮ್ಮಿ, ಒಂದು ಮೆಟ್ಟಿಲು ಏರಿಸಿದರೆ ತೀರಾ ಜಾಸ್ತಿ. ಮಗುವಿನ ಕಿವಿ ಅಂತ ಭಯ.

ಸಾಫ್ಟ್‌ವೇರ್ ಸಾವಿತ್ರಿ

ಡೆವಲಪರ್ ಆಪ್ಷನ್ಸ್‌ನಲ್ಲಿ ಡಿಸೇಬಲ್ ಆ್ಯಬ್ಸಲ್ಯೂಟ್ ವಾಲ್ಯೂಮ್ ಅಂತ ಇದೆ, ಅದನ್ನು ಆನ್ ಮಾಡಿ ಇಯರ್‌ಬಡ್ ಬಿಚ್ಚಿ ಮತ್ತೆ ಜೋಡಿಸಿ. ಟ್ಯಾಬ್‌ನ ವಾಲ್ಯೂಮ್ ಮತ್ತು ಇಯರ್‌ಬಡ್‌ನ ವಾಲ್ಯೂಮ್ ಬೇರೆ ಬೇರೆ ಆಗುತ್ತವೆ. ಹಾಗೆ ಮಾಡುವ ಮುಂಚೆ ಎರಡನ್ನೂ ಪೂರ್ತಿ ಇಳಿಸಿಡಿ, ಯಾಕೆಂದರೆ ಕೆಲವು ಇಯರ್‌ಬಡ್ ಜೋಡಿಸಿದ ಕೂಡಲೇ ಪೂರ್ತಿ ಸದ್ದಿನಲ್ಲಿ ಶುರುವಾಗುತ್ತವೆ. ಮೊದಲ ಸಲ ನೀವೇ ಹಾಕಿಕೊಂಡು ನೋಡಿ, ಸರಿಯಿದೆ ಅನ್ನಿಸಿದ ಮೇಲೆ ಮಗಳಿಗೆ ಕೊಡಿ.